ತಡ ಏನೂ ಆಗಲಿಲ್ಲ

ಆ ಹುಡುಗಿ ನಮ್ಮ ಮನೆಗೆ ಬಂದಾಗ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ತಂಗಿ ಕಿವಿಗೆ ಬಿಗಿಯಾಗಿ ಅರಿವೆ ಕಟ್ಟಿಕೊಂಡು ಹೊರಸಿನ ಮೇಲೆ, ಗೋಡೆಗೆ ಒರಗಿದ್ದಳು. ಮುದನಾಳದ ಮನೆಯ ಪಡಸಾಲೆ ಅದು. ನಾನು ಶಹಾಪುರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ರಜೆ ಸಿಕ್ಕರೆ ಸಾಕು, ಬಸ್ಸು ಹತ್ತಿ ಊರಿಗೆ ಬಂದುಬಿಡುತ್ತಿದ್ದ ದಿನಗಳು.

ಹುಡುಗಿಯ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು ಇತ್ತು. ದವಾಖಾನೆಯಲ್ಲಿ ಹಡೆದ ತಾಯಂದಿರ ಮನೆಗೆ ಹೋಗಿ, ಅಲ್ಲಿ ಹೇಗೆ ನೋಡಿಕೊಂಡರು, ಸಮಾಧಾನವಾಯಿತೇ ಎಂದು ಕೇಳುವ ಕೆಲಸ ಅವಳದು. ಆಶಾ ಕಾರ್ಯಕರ್ತೆ ಓಣಿಯ ತುದಿಯಿಂದಲೇ ನಮ್ಮ ಮನೆ ತೋರಿಸಿ ಹೋಗಿದ್ದಳಂತೆ. ಹೇಳಬೇಕಾಗಿದ್ದ ಇನ್ನೊಂದು ಮಾತನ್ನು ಹೇಳಿರಲಿಲ್ಲ.

ಹುಡುಗಿ ಚಾಪೆಯ ಮೇಲೆ ಕೂತು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದಳು. "ಕೂಸು ಮಲಗ್ಯಾದೇನ್ರಿ?"

ಅವ್ವನ ಕೈ ಜೋಳದಲ್ಲೇ ನಿಂತಿತು. "ಕೂಸು ಇಲ್ಲವ್ವ. ಹೋತು."

ಹುಡುಗಿ ಎದ್ದೇಬಿಟ್ಟಳು. "ನನಗ ಗೊತ್ತಿರಲಿಲ್ರಿ. ತಪ್ಪು ತಿಳೀಬ್ಯಾಡ್ರಿ. ನಾ ಬರ್ತೀನ್ರಿ."

"ಕುಂದ್ರು," ಎಂದಳು ತಂಗಿ. "ಹಡದಿದ್ದಂತೂ ಹಡದೀನಲ್ಲ. ಕೇಳು, ಏನು ಕೇಳ್ತೀದಿ."

ಹುಡುಗಿ ಕೇಳತೊಡಗಿದಳು. ದವಾಖಾನೆಯವರು ಸರಿಯಾಗಿ ಮಾತಾಡಿಸಿದರೇ? ಚಲೋ ಮಾತಾಡಿಸಿದ್ರು. ನೋವು ತಿನ್ನುವಾಗ ಹತ್ತಿರ ಯಾರಾದರೂ ಇದ್ದರೇ? ನರ್ಸಬಾಯಿ ಇದ್ರು. ಏನು ಮಾಡುತ್ತೇವೆಂದು ಮೊದಲೇ ತಿಳಿಸಿ ಹೇಳಿದರೇ? ಹೇಳಿದ್ರು. ಒಟ್ಟು ನಿಮಗೆ ಸಮಾಧಾನ ಆಯಿತೋ, ಭಾಳ ಸಮಾಧಾನ ಆಯಿತೋ, ಆಗಲಿಲ್ಲವೋ?

"ಭಾಳ ಅಂತ ಬರಕೋ," ಎಂದಳು ತಂಗಿ.

ನನಗೆ ಮೈ ಉರಿಯಿತು. ಎಂ.ಎ. ಓದುವಾಗ ನಾನೂ ಗುರುಮಠಕಲ್ ಕಡೆಯ ಹಳ್ಳಿಗಳಲ್ಲಿ ಇಂಥವೇ ಪ್ರಶ್ನೆ ಹಿಡಿದು ತಿರುಗಿದವಳು. ಅಲ್ಲಿಯ ತಾಯಂದಿರು ತೆಲುಗಿನಲ್ಲಿ "ಮಂಚಿಗನೇ ಚೂಸಿನ್ರು" ಎಂದು, ಚಲೋನೇ ನೋಡಿಕೊಂಡರು ಎಂದು, ಒಬ್ಬರಾದ ಮೇಲೆ ಒಬ್ಬರು ಹೇಳಿ ಕಳಿಸುತ್ತಿದ್ದರು. ಇವರಿಗೆ ತಮಗೆ ಏನು ಸಿಗಬೇಕೆಂಬುದೇ ಗೊತ್ತಿಲ್ಲ, ನಿರೀಕ್ಷೆಯೇ ಕಡಿಮೆ, ಅದಕ್ಕೇ ಎಲ್ಲವೂ ಚಲೋ ಅನ್ನುತ್ತಾರೆ ಎಂದು ನಾನು ನನ್ನ ಪ್ರಬಂಧದಲ್ಲಿ ಬರೆದಿದ್ದೆ. ಈಗ ನನ್ನ ತಂಗಿಯೇ ಅದೇ ಮಾತು ಹೇಳುತ್ತಿದ್ದಳು. ಅವಳು ಬಿ.ಎ. ಮುಗಿಸಿದವಳು. ಏನೂ ತಿಳಿಯದವಳಲ್ಲ.

ಹೆರಿಗೆಯ ದಿನ ಏನಾಯಿತು ಎಂಬುದನ್ನು ನಾನು ಹೇಳಬೇಕು. ಎಷ್ಟು ಸರಿಯಾಗಿ ಹೇಳುತ್ತೇನೋ ಗೊತ್ತಿಲ್ಲ. ನಾನು ದಿನಚರಿ ಬರೆಯುವವಳು. ಬರೆದಿಟ್ಟದ್ದನ್ನು ನಂಬಬಹುದು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಆದರೆ ಅಂಥ ದಿನಗಳಲ್ಲಿ ಯಾರೂ ಬರೆಯುತ್ತ ಕೂರುವುದಿಲ್ಲ. ನಾನು ಬರೆದದ್ದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಅವ್ವನ ಮಾತು, ತಂಗಿಯ ಮಾತು, ನನ್ನ ಸಿಟ್ಟು, ಎಲ್ಲ ಕಲಸಿಹೋಗಿದ್ದವು.

ಏಳು ತಿಂಗಳು ತುಂಬಿದ ಬಸುರಿ ಹೊಳೆ ದಾಟಬಾರದು ಎಂಬುದು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸದ ಮಾತು. ತಂಗಿಯನ್ನು ಕೊಟ್ಟದ್ದು ಸುರಪುರದ ಹತ್ತಿರದ ಹಳ್ಳಿಗೆ. ಮುದನಾಳ ಭೀಮೆಯ ಈ ದಂಡೆಗೆ, ಯಾದಗಿರಿಯ ಬದಿಗಿದೆ, ಶಹಾಪುರ ಸುರಪುರಗಳು ಆ ದಂಡೆಗೆ. ಇನ್ನೊಂದು ಮಗ್ಗುಲಿಗೆ ಕೃಷ್ಣೆ. ಆ ಎರಡು ಹೊಳೆಗಳ ನಡುವಿನಿಂದ ಯಾದಗಿರಿಗೆ ಬರಲಿ, ಕಲಬುರ್ಗಿಗೆ ಹೋಗಲಿ, ರಾಯಚೂರಿಗೆ ಹೋಗಲಿ, ಒಂದು ಹೊಳೆ ದಾಟಲೇಬೇಕು. ಇಷ್ಟು ವರ್ಷ ಆ ಸೇತುವೆಗಳ ಮೇಲೆ ಓಡಾಡಿದ ನನಗೆ ಇದು ಎಂದೂ ಹೊಳೆದಿರಲಿಲ್ಲ.

ಪದ್ಧತಿಯಂತೆ ಸೀಮಂತದ ಕುಬಸ ಮಾಡಿ, ಉಡಿ ತುಂಬಿ, ಏಳರೊಳಗೆ ತವರಿಗೆ ಕರೆದುಕೊಂಡು ಬರಬೇಕಿತ್ತು. ಅಷ್ಟರಲ್ಲಿ ಅವಳ ಗಂಡನ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಕುಬಸ ಮುಂದೆ ಹೋಯಿತು. ಸೂತಕ ಕಳೆದು, ದಿನ ನೋಡಿ, ಮತ್ತೆ ಮಾಡುವಷ್ಟರಲ್ಲಿ ತಿಂಗಳು ಮೀರಿತ್ತು. ಇನ್ನು ಹೊಳೆ ದಾಟುವ ಹಾಗಿಲ್ಲ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎಂಬುದೂ ಅಷ್ಟೇ ಗಟ್ಟಿ. ಅವ್ವ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾನೇ ದಾರಿ ಕಂಡುಕೊಂಡಳು. ಮಗಳು ಹೊಳೆ ದಾಟಬಾರದು, ತವರು ದಾಟಬಹುದಲ್ಲ!

ಅಪ್ಪ ತೀರಿಹೋಗಿ ಎಷ್ಟೋ ವರ್ಷ. ಹೊಲ ಚಿಕ್ಕಪ್ಪ ನೋಡುತ್ತಿದ್ದ. ಅವ್ವ ಮನೆಗೆ ಬೀಗ ಹಾಕಿ, ಕೌದಿ, ಬಾಣಂತಿಯ ಒಣಕೊಬ್ಬರಿ, ಉತ್ತತ್ತಿ, ಅಂಟು, ಅಳವಿ, ಲೋಬಾನ, ಹಳೇ ಮೆತ್ತನೆಯ ಸೀರೆಗಳು ಎಲ್ಲ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಶಹಾಪುರದ ನನ್ನ ಬಾಡಿಗೆ ಮನೆಗೆ ಬಂದಳು. ಎರಡೇ ಕೋಣೆ. ಒಂದರಲ್ಲಿ ನನ್ನ ಪುಸ್ತಕ ಮೂಲೆಗೆ ಸರಿದವು. ಸುರಪುರದಿಂದ ತಂಗಿಯನ್ನು ಅಲ್ಲಿಗೆ ಕರೆತಂದೆವು. ನಡುವೆ ಹೊಳೆಯಿಲ್ಲ.

"ಮಂದಿ ತವರಿಗಿ ಹೋಗ್ತಾರ," ಎಂದು ತಂಗಿ ನಕ್ಕಳು. "ನಂದು ನೋಡಕ್ಕ, ತವರೇ ಬಸ್ ಹತ್ತಿ ಬಂದದ."

ನಾನು ಅವ್ವನೊಂದಿಗೆ ವಾದ ಮಾಡದೆ ಇರಲಿಲ್ಲ. "ನಿಮ್ಮವ್ವನ ಕಾಲಕ್ಕ ದ್ವಾಣಿ ಇತ್ತು, ಮುಣುಗ್ತದಂತ ಅಂಜತಿದ್ರು. ಈಗ ಬ್ರಿಜ್ ಅದ. ಬ್ರಿಜ್ ಮ್ಯಾಲ ಹೋದ್ರ ಹೊಳಿ ದಾಟಿದಂಗ ಹ್ಯಾಂಗ ಆಗ್ತದ?"

"ಕೆಳಗ ಹೊಳಿ ಹರೀತದೋ ಇಲ್ಲೋ?"

"ಹರೀತದ."

"ಮತ್ತ? ನೀ ಎಂ.ಎ. ಮಾಡೀದಿ. ಹೊಳಿ ಎಂ.ಎ. ಮಾಡಿಲ್ಲ. ಅದಕ್ಕ ಬ್ರಿಜ್ ತಿಳಿಯಂಗಿಲ್ಲ."

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಾನೂ ನಕ್ಕೆ. ಆ ನಗು ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ. ಬೇರೆ ಎಲ್ಲಕ್ಕಿಂತ ಸ್ಪಷ್ಟವಾಗಿ.

ದಸರೆ ಕಳೆದ ಮೇಲೆ, ಹತ್ತಿ ಬಿಡಿಸುವ ಕಾಲದಲ್ಲಿ, ಒಂದು ಬೆಳಗ್ಗೆ ಅವಳಿಗೆ ನೋವು ಶುರುವಾಯಿತು. ಆಟೊದಲ್ಲಿ ಹತ್ತಿರದ ದವಾಖಾನೆಗೆ ಹೋದೆವು. ಅಲ್ಲಿದ್ದ ನರ್ಸಬಾಯಿ ಅವ್ವನ ವಾರಗೆಯವರು, ದೊಡ್ಡ ದನಿಯವರು. "ಏ ತಂಗಿ, ಗಂಟಲ ಹರಕೋಬ್ಯಾಡ, ಆ ಶಕ್ತಿ ಕೆಳಗ ಬೇಕು. ಉಸರು ತಗೋ," ಎಂದು ಗದರುತ್ತಿದ್ದದ್ದು ಹೊರಗೆ ಕೂತ ನಮಗೂ ಕೇಳುತ್ತಿತ್ತು. ನಾನು ದಿನಚರಿಯಲ್ಲಿ 'ಸಿಡುಕಿನ ಹೆಂಗಸು' ಎಂದು ಬರೆದಿದ್ದೇನೆ. ಆ ಹೊತ್ತಿನಲ್ಲಿ ಆಕೆಯ ಕೈ ತಂಗಿಯ ಬೆನ್ನು ನೀವುತ್ತಿತ್ತಂತೆ. ಗೋಡೆಯ ಈಚೆ ಇದ್ದ ನನಗೆ ದನಿ ಮಾತ್ರ ಸಿಕ್ಕಿತ್ತು.

ಹೊತ್ತು ಏರಿದ ಮೇಲೆ ನರ್ಸಬಾಯಿ ಹೊರಗೆ ಬಂದರು. "ನೀರು ಹೋಗ್ಯಾವ. ಹಸರಾಗ್ಯಾವ. ಕೂಸು ಒಳಗ ಹೊಲಸು ಮಾಡಿಕೊಂಡದ. ಎದಿಬಡಿತಾನೂ ಮೊದಲಿನಂಗ ಇಲ್ಲ. ಡಾಕ್ಟರ್ ಯಾದಗಿರಿಗೆ ಒಯ್ಯಿರಿ ಅಂದಾರ. ಹುಟ್ಟಿದ ಕೂಸಿಗಿ ನೋಡಾಕ ಅಲ್ಲಿ ಎಲ್ಲಾ ಅದ. ಗಾಡಿ ತಯಾರದ, ಜಲ್ದಿ ಏಳ್ರಿ."

ಅವ್ವ ಏಳಲಿಲ್ಲ.

"ಯಾದಗಿರಿಗಿ ಬ್ಯಾಡ್ರಿ ಬಾಯಾರ," ಎಂದಳು. "ನಡುವ ಹೊಳಿ ಅದ."

ನಾನು ಹಾರಿಬಿದ್ದೆ. ಏನೇನು ಅಂದೆನೋ. ಕೂಸಿನ ಜೀವದ ಪ್ರಶ್ನೆ, ನಿನ್ನ ಹೊಳಿಗೆ ಬೆಂಕಿ ಬೀಳಲಿ ಎಂದೆ ಅನಿಸುತ್ತದೆ. ನಾನು ಹೆಚ್ಚು ಕೂಗಿದಷ್ಟೂ ಅವ್ವ ಹೆಚ್ಚು ಗಟ್ಟಿಯಾದಳು. ಹೆರಿಗೆ ಕೋಣೆಯ ಬಾಗಿಲಿಗೇ ನೆಲದ ಮೇಲೆ ಕೂತುಬಿಟ್ಟಳು. ಅಳಿಯ ಬರಲಿ, ಅವನು ಹೂಂ ಅನ್ನಲಿ ಎಂದಳು. ಅಳಿಯ ಸುರಪುರದ ಕಚೇರಿಯೊಂದರಲ್ಲಿ ಜವಾನ. ಫೋನು ಮಾಡಿದ ಕೂಡಲೆ ಮೋಟರ್ ಸೈಕಲ್ ಹತ್ತಿದ್ದ, ಆದರೂ ಬರಬೇಕಲ್ಲ. ಬಂದವನು ಅತ್ತೆಯ ಮುಖ ನೋಡಿದ, ನನ್ನ ಮುಖ ನೋಡಿದ, "ನೀವು ಹ್ಯಾಂಗಂತೀರಿ ಹಂಗ," ಎಂದು ನಿಂತ. ಅವ್ವ ತಲೆಯಾಡಿಸಿದಳು. ಹೊಳೆ ದಾಟಿಸಿ ಕೂಸು ಕಳಕೊಂಡ ತನ್ನ ಅಕ್ಕನ ಕಥೆ ಹೇಳತೊಡಗಿದಳು. ಅದು ನಿಜ. ದೊಡ್ಡವ್ವ ಕೂಸು ಕಳಕೊಂಡಿದ್ದಳು. ಅವ್ವ ಅಲ್ಲಿ ಕೂತದ್ದು ಹಟಕ್ಕಲ್ಲ, ಅಂಜಿಕೆಗೆ. ಇದು ನನಗೆ ಅಂದು ಕಾಣಲಿಲ್ಲ.

ಹೀಗೆ ಎಷ್ಟು ಹೊತ್ತು ಹೋಯಿತು? ಇದನ್ನೇ ನಾನು ನನಗೆ ಮತ್ತೆ ಮತ್ತೆ ಕೇಳಿಕೊಂಡಿದ್ದೇನೆ. ನನ್ನ ನೆನಪಿನಲ್ಲಿ ಅದು ಇಡೀ ಮಧ್ಯಾಹ್ನ. ದಿನಚರಿಯಲ್ಲಿ 'ಸ್ವಲ್ಪ ಹೊತ್ತು' ಎಂದಿದೆ. ಅಳಿಯ ಸುರಪುರದಿಂದ ಬರುವಷ್ಟು ಹೊತ್ತಂತೂ ಖಂಡಿತ. ಅದಕ್ಕಿಂತ ಮೇಲೆ ಎಷ್ಟು ಎಂದು ಯಾರೂ ಗಡಿಯಾರ ನೋಡಲಿಲ್ಲ.

ಕೊನೆಗೆ ನರ್ಸಬಾಯಿ ಬಂದು ಅವ್ವನ ಎದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ದೊಡ್ಡ ದನಿ ಎಲ್ಲಿ ಹೋಗಿತ್ತೋ, ಮೆಲ್ಲಗೆ ಕೇಳಿದರು. "ಯವ್ವ, ನಾನೂ ಹೊಳಿ ದಂಡಿ ಊರಾಕಿನೇ. ನೀ ಅನ್ನೋದು ನನಗ ಗೊತ್ತದ. ಹೊಳಿ ಬ್ಯಾಡ ಅಂದಿದ್ದು ಯಾರಿಗಿ?"

"ಬಸುರಿಗಿ."

"ನಿನ್ನ ಮಗಳು ಈಗ ಬಸುರೇನು? ನೋವು ಬಂದು ನೀರು ಹೋದ ಮ್ಯಾಲ ಆಕಿ ಬಸುರಿ ಅಲ್ಲ, ಹಡಿಯಾಕಿ. ಹಡಿಯಾಕಿಗಿ ಹೊಳಿ ಅಡ್ಡ ಬರಂಗಿಲ್ಲ. ನಮ್ಮ ಊರಾಗ ಹಿಂಗೇ ಅಂತಾರ."

ಅವ್ವ ಆಕೆಯ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಎದ್ದಳು. "ಹೌದೇನ್ರಿ? ಹಂಗಿದ್ರ ನಡೀರಿ, ಜಲ್ದಿ ನಡೀರಿ," ಎಂದು ತಾನೇ ಅವಸರ ಮಾಡಿದಳು.

ಆ ಊರಿನಲ್ಲಿ ನಿಜವಾಗಿ ಹಾಗೆ ಅನ್ನುತ್ತಾರೋ, ಆ ಹೊತ್ತಿಗೆ ನರ್ಸಬಾಯಿ ಕಟ್ಟಿದ ಮಾತೋ ನನಗೆ ತಿಳಿಯದು. ಆಮೇಲೆ ಆಕೆಯನ್ನು ಹುಡುಕಿಕೊಂಡು ಹೋಗಿ ಕೇಳಬೇಕೆಂದು ಒಮ್ಮೆ ಅನಿಸಿತ್ತು. ಹೋಗಲಿಲ್ಲ.

ಗಾಡಿಯಲ್ಲಿ ತಂಗಿ, ಅವ್ವ, ಜೊತೆಗೆ ನರ್ಸಬಾಯಿ ಹೋದರು. ಅಳಿಯ ಮೋಟರ್ ಸೈಕಲ್ ಮೇಲೆ ಹಿಂದೆ ಹೊರಟ. ನಾನು ಮನೆಗೆ ಹೋಗಿ ಬಟ್ಟೆಬರೆ ತೆಗೆದುಕೊಂಡು ಬಸ್ಸಿನಲ್ಲಿ ಬಂದೆ. ಆದರೂ ಆ ಗಾಡಿ ಭೀಮೆಯ ಸೇತುವೆ ದಾಟಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಗಾಡಿ ನಿಧಾನವಾಗುತ್ತದೆ, ಅವ್ವ ಕಿಟಕಿಯ ಸಂದಿಯಿಂದ ಕೈ ಹೊರಗೆ ಹಾಕಿ ಅರಿಷಿಣ ಕುಂಕುಮ ಗಾಳಿಗೆ ಬಿಡುತ್ತಾಳೆ, ಕೆಂಪು ಪುಡಿ ಗಾಡಿಯ ಬಿಳಿ ಮೈಗೆ ಹತ್ತುತ್ತದೆ. ಇದನ್ನು ನಾನು ನೋಡಿಲ್ಲ. ನೋಡಲು ಸಾಧ್ಯವೇ ಇರಲಿಲ್ಲ. ತಂಗಿಯನ್ನು ಕೇಳಿದರೆ, ಗಾಡಿ ನಿಧಾನ ಆಗಲೇ ಇಲ್ಲ, ಅವ್ವ ನನ್ನ ಕಾಲು ಹಿಡಿದುಕೊಂಡು ಕೂತಿದ್ದಳು, ಕಣ್ಣು ಮುಚ್ಚಿದ್ದಳು ಎನ್ನುತ್ತಾಳೆ. ಅಂದಮೇಲೆ ಆ ಕುಂಕುಮ ನನ್ನ ತಲೆಗೆ ಎಲ್ಲಿಂದ ಬಂತು? ನಾನು ನೋಡದ ಕುಂಕುಮ ಇಷ್ಟು ಕೆಂಪಗೆ ನೆನಪಿರುವುದಾದರೆ, ನೋಡಿದ್ದೇನೆ ಎನ್ನುವುದನ್ನು ಎಷ್ಟು ನಂಬಲಿ?

ಕೂಸು ಸಂಜೆಗೆ ಮೊದಲೇ ಹುಟ್ಟಿತು. ಹೆಣ್ಣು. ಅಳಲಿಲ್ಲ. ಗಾಜಿನ ಕೋಣೆಗೆ ಒಯ್ದರು. ಮರುದಿನ ಮುಂಜಾನೆ ಹೊರಗೆ ತಂದು ಕೊಟ್ಟರು.

ಸತ್ತ ಕೂಸಿನ ಮುಖವನ್ನು ತಾಯಿಗೆ ತೋರಿಸಬಾರದು ಎಂದು ಹಾಸಿಗೆಯ ಸುತ್ತ ಇದ್ದ ಹೆಂಗಸರೆಲ್ಲ ಹೇಳಿದರು. ತೋರಿಸು ಅಂದವಳು ಅವ್ವ ಒಬ್ಬಳೇ. ತಾನೇ ಅರಿವೆ ಸರಿಸಿ ತಂಗಿಯ ತೊಡೆಯ ಮೇಲೆ ಇಟ್ಟಳು. ಕೂಸಿನ ತಲೆಯ ತುಂಬ ಕೂದಲಿದ್ದವು, ಹಣೆಗೆ ಅಂಟಿದ್ದವು. ತಂಗಿ ಅವನ್ನು ಬೆರಳಿನಿಂದ ಒಂದು ಬದಿಗೆ ತೀಡಿದಳು. ಆಮೇಲೆ ಅಳಿಯ ಮತ್ತು ಚಿಕ್ಕಪ್ಪ ಕೂಸನ್ನು ಮುದನಾಳದ ನಮ್ಮ ಹೊಲಕ್ಕೆ ಒಯ್ದು ಬದುವಿನ ಬೇವಿನ ಮರದ ಹತ್ತಿರ ಮಣ್ಣು ಮಾಡಿದರು.

ಹೀಗೆ ತಂಗಿ ಹೊಳೆ ದಾಟಿ ತವರಿಗೆ ಬಂದಳು.

ಅವ್ವ ಬಾಣಂತನದಲ್ಲಿ ಒಂದನ್ನೂ ಬಿಡಲಿಲ್ಲ. ಕೂಸಿಲ್ಲದ ಮನೆಯಲ್ಲಿ ದಿನಾ ಹಂಡೆ ನೀರು ಕಾಯುತ್ತಿತ್ತು. ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ಕುದಿನೀರು ಹಾಕುತ್ತಿದ್ದಳು, ಹೊರಸಿನ ಕೆಳಗೆ ಕೆಂಡವಿಟ್ಟು ಲೋಬಾನದ ಹೊಗೆ ಹಿಡಿಯುತ್ತಿದ್ದಳು, ಹೊಟ್ಟೆಗೆ ಹಳೇ ಸೀರೆ ಬಿಗಿದು ಕಟ್ಟುತ್ತಿದ್ದಳು. ಶಹಾಪುರದಲ್ಲಿ ಮೊದಲೇ ಕಟ್ಟಿಟ್ಟಿದ್ದ ಅಂಟಿನ ಉಂಡಿಗಳನ್ನು ತಂದಿದ್ದಳು. ಅವು ಕೂಸಿಗೆ ಹಾಲು ಬರಲೆಂದು ತಿನ್ನುವವು. ತಂಗಿಗೆ ಹಾಲು ತಾನಾಗೇ ಬಂದು ಕುಪ್ಪಸ ತೊಯ್ಯುತ್ತಿತ್ತು. ಹಾಲು ಬತ್ತಲೆಂದು ಅವ್ವ ಮಲ್ಲಿಗೆ ಹೂ ಅರೆದು ಎದೆಗೆ ಕಟ್ಟುತ್ತಿದ್ದಳು. ಉಂಡಿ ಕೊಡುವುದೊಂದನ್ನು ಮಾತ್ರ ಬಿಟ್ಟಳು. ಡಬ್ಬಿಯಲ್ಲಿ ಅವು ಹಾಗೇ ಉಳಿದವು. ಎಸೆಯಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ.

ಅಂಥ ಮನೆಗೆ ಬಂದು ಆ ಹುಡುಗಿ ಸಮಾಧಾನ ಆಯಿತೇ ಎಂದು ಕೇಳುತ್ತಿದ್ದಳು.

ಹುಡುಗಿ ಪರದೆಯ ಮೇಲೆ ಬೆರಳಾಡಿಸಿ ಮುಂದಿನ ಪ್ರಶ್ನೆಗೆ ಹೋದಳು. "ಒಂದು ದವಾಖಾನಿಯಿಂದ ಇನ್ನೊಂದಕ್ಕ ಕಳಿಸಿದ್ರಲ್ರಿ, ಹೋಗೋದರಾಗ ಏನರ ತಡ ಆತೇನ್ರಿ? ಆಗಿದ್ರ ಯಾಕ ಆತು ಅಂತ ಹೇಳ್ರಿ."

ಮೊರದ ಸದ್ದು ನಿಂತಿತು. ಅವ್ವ ತಲೆ ಎತ್ತಲಿಲ್ಲ. ಜೋಳದಲ್ಲಿ ಒಂದು ಕಲ್ಲು ಹುಡುಕುತ್ತಿರುವವಳ ಹಾಗೆ ಕೂತಳು.

"ತಡ ಏನೂ ಆಗಲಿಲ್ಲ," ಎಂದಳು ತಂಗಿ.

"ಆತಲ್ಲ," ಎಂದೆ ನಾನು. ತಡೆಯಲಾಗಲಿಲ್ಲ. "ತಡ ಆಗಲಿಲ್ಲ ಅಂತ ಹ್ಯಾಂಗ ಬರಸ್ತೀದಿ? ಅಲ್ಲಿ—"

"ಅಕ್ಕ," ಎಂದಳು ತಂಗಿ, ನನ್ನ ಕಡೆ ತಿರುಗದೆ. "ಒಲಿ ಮ್ಯಾಲ ಚಹಾ ಇಟ್ಟಿದ್ದೆ. ಉಕ್ಕಿತು ನೋಡು, ಹೋಗು."

ನಾನು ಎದ್ದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಒಲೆ ತಣ್ಣಗಿತ್ತು.

ನಾನು ಅಲ್ಲೇ ನಿಂತೆ. ಆ ತಣ್ಣನೆಯ ಒಲೆ ನೋಡುತ್ತ ಉಳಿದ ಪ್ರಶ್ನೆಗಳನ್ನೆಲ್ಲ ಗೋಡೆಯಾಚೆಯಿಂದ ಕೇಳಿದೆ. ದಾರಿಯಲ್ಲಿ ಜೊತೆಗೆ ಯಾರಿದ್ದರು? ನರ್ಸಬಾಯಿ ಇದ್ರು, ನಮ್ಮವ್ವ ಇದ್ಲು. ಅಲ್ಲಿ ಹೋದ ಕೂಡಲೆ ನೋಡಿದರೇ? ನೋಡಿದ್ರು. ಮುಂದೆ ಹೆರಿಗೆ ಆದರೆ ಮತ್ತೆ ಅಲ್ಲಿಗೇ ಹೋಗುತ್ತೀರಾ? ಇದಕ್ಕೆ ತಂಗಿ, "ಅದನ್ನ ಬಿಟ್ಟು ಮುಂದಿಂದು ಕೇಳವ್ವ," ಎಂದಳು. ಅದೇ ಕೊನೆಯ ಪ್ರಶ್ನೆಯಂತೆ.

ಹುಡುಗಿ ಹೋಗುವಾಗ ಅವ್ವ ನನ್ನ ಕೈಯಿಂದ ಅವಳಿಗೆ ಕುಂಕುಮ ಕೊಡಿಸಿ, "ಬಿಸಲಾಗ ತಿರಗತೀದಿ, ತಲಿಗಿ ಸೆರಗು ಹಾಕ್ಕೋ," ಎಂದಳು. ಹುಡುಗಿ ತೊಟ್ಟದ್ದು ಚೂಡಿದಾರ. ಓಢಣಿ ಎಳೆದು ತಲೆಗೆ ಹಾಕಿಕೊಂಡು ಹೋದಳು.

ಎರಡು ದಿನದ ಮೇಲೆ ತಂಗಿ ಮೊದಲ ಸಲ ಮನೆಯಿಂದ ಹೊರಗೆ ನಡೆದಳು. ನಾನು ಜೊತೆಗಿದ್ದೆ. ಹೊಲದ ಕಡೆ ಹೋಗುವುದು ಬೇಡ ಎಂದಿದ್ದೆ, ಅವಳು ಅತ್ತಲೇ ನಡೆದಳು. ಅರ್ಧ ದಾರಿಗೆ ನಿಂತು ಸುಸ್ತಾಯಿತು ಎಂದು ಕೂತಳು.

"ಅಲ್ಲಾ, ಆ ಹುಡುಗಿಗಿ ಯಾಕ ಹಂಗ ಹೇಳಿದಿ?" ಎಂದೆ. "ಎಲ್ಲಾರೂ ಹಿಂಗ ಚಲೋ ಚಲೋ ಅಂದ್ರ ಯಾವುದು ಸುಧಾರಿಸ್ತದ?"

"ದವಾಖಾನ್ಯಾಗ ಚಲೋನೇ ನೋಡಿಕೊಂಡ್ರಲ್ಲ. ಸುಳ್ಳೇನು?"

"ತಡ ಆಗಿದ್ದು?"

ಅವಳು ಕಾಲ ಬುಡದ ಹೆಂಟೆಯೊಂದನ್ನು ಎತ್ತಿ ಪುಡಿ ಮಾಡಿದಳು. "ಆಕಿ ಕೇಳಾಕ ಬಂದಿದ್ದು ದವಾಖಾನಿ ಬಗ್ಗೆ. ನಮ್ಮ ಮನಿ ಬಗ್ಗೆ ಅಲ್ಲ."

"ಯಾಕ ತಡ ಆತು ಅಂತ ಕೇಳಿದ್ಲಲ್ಲ."

"ಹೂಂ. ಏನಂತ ಬರಸಲಿ? ನಮ್ಮವ್ವ ಬಾಗಿಲಿಗಿ ಕುಂತಿದ್ಲು ಅಂತ ಬರಸಲೇನು? ಆಕಿ ಅಲ್ಲೇ ಕುಂತಾಳ ಜ್ವಾಳ ಹಸನು ಮಾಡಕೋತ." ಕೈಗೆ ಹತ್ತಿದ ಮಣ್ಣು ಒರೆಸಿಕೊಂಡು ಅಂದಳು, "ನೀ ಅಕ್ಕ, ಸಿಟ್ಟು ಬಂದಾಗ ಬರಕೋತೀದಿ. ನಾ ಬರಸಂಗಿಲ್ಲ. ದಿನಾ ಆಕಿ ಕೈಲಿಂದ ನೀರು ಹಾಕಿಸ್ಕೋತೀನಿ ನಾ."

ಗುರುಮಠಕಲ್ಲಿನ ಆ ತಾಯಂದಿರು ನೆನಪಾದರು. ನಾನು ಪ್ರಶ್ನೆ ಕೇಳುವಾಗ ಅವರ ಪಕ್ಕದಲ್ಲಿ ಯಾರು ಯಾರು ಕೂತಿದ್ದರು? ಅತ್ತೆಯೋ, ಅವ್ವನೋ, ಗಂಡನೋ? ಎಷ್ಟು ಯೋಚಿಸಿದರೂ ಆ ಮುಖಗಳು ಬರಲಿಲ್ಲ. ಬರೆದುಕೊಂಡದ್ದು ತಾಯಂದಿರ ಉತ್ತರಗಳನ್ನು ಮಾತ್ರ.

ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ನಾನು ಶಹಾಪುರಕ್ಕೆ ಹೊರಡುವ ದಿನ ಬೆಳಗ್ಗೆ ಹಿತ್ತಲಲ್ಲಿ ಅವ್ವ ಹಂಡೆಯ ಒಲೆಗೆ ತೊಗರಿಕಟ್ಟಿಗೆ ಮುರಿದು ಹಾಕುತ್ತಿದ್ದಳು. ನಾನು ಹಲ್ಲುಜ್ಜುತ್ತ ನಿಂತಿದ್ದೆ. ನನ್ನ ಕಡೆ ನೋಡದೆ ಕೇಳಿದಳು.

"ಒಂದು ಕ್ಯಾಳ್ತೀನಿ, ಖರೇ ಹೇಳು. ಆ ದೊಡ್ಡ ದವಾಖಾನ್ಯಾಗ ಡಾಕ್ಟರ್ ನಿನ್ನ ಒಬ್ಬಾಕಿನ್ನೇ ಕರದು ಏನೋ ಅಂದ್ರು. ನಾ ದೂರಿಂದ ನೋಡೀನಿ. ನೀ ಓದಿದಾಕಿ ಅಂತ ನಿನಗ ಹೇಳ್ಯಾರ. ಏನಂದ್ರು?"

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಡಾಕ್ಟರ್ ಚಿಕ್ಕ ವಯಸ್ಸಿನವರು. ಓಣಿಯಂಥ ಆ ಉದ್ದನೆಯ ಪಡಸಾಲೆಯಲ್ಲಿ ನಿಂತು ಮಾತಾಡಿದ್ದರು. ಇನ್ನೂ ಮುಂಚೆ ಕರೆತಂದಿದ್ದರೆ ಒಳ್ಳೆಯದಿತ್ತು ಎಂದರು. ಇದು ಖಂಡಿತ. ಈ ಮಾತು ಕಿವಿಗೆ ಬಿದ್ದಾಗ ನಾನು ಅವ್ವ ಕೂತಿದ್ದ ಕಡೆ ತಿರುಗಿ ನೋಡಿದ್ದೂ ಖಂಡಿತ. ಅದಾದ ಮೇಲೆ ಅವರು ಇನ್ನೂ ಒಂದು ಮಾತು ಹೇಳಿದರು ಎಂದು ನನಗೆ ನೆನಪು. ಇಂಥ ಕೂಸುಗಳು ಕೆಲವು ಸಲ ಎಲ್ಲ ಹೊತ್ತಿಗೆ ಸರಿಯಾಗಿ ಆದರೂ ಉಳಿಯುವುದಿಲ್ಲ, ಹೀಗೇ ಆಗುತ್ತಿತ್ತು ಎಂದು ಯಾರೂ ಹೇಳಲಾರರು ಎಂದು. ಈ ಎರಡನೆಯದನ್ನು ಅವರು ಹೇಳಿದರೋ, ನಾನು ಆಮೇಲೆ ಬಸ್ಸಿನಲ್ಲೋ ಹಾಸಿಗೆಯಲ್ಲೋ ನನಗಾಗಿ ಸೇರಿಸಿಕೊಂಡೆನೋ, ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ದಿನಚರಿಯಲ್ಲಿ ಎರಡೂ ಇಲ್ಲ. 'ಡಾಕ್ಟರ್ ಮಾತಾಡಿದರು' ಎಂದಷ್ಟೇ ಇದೆ.

ಬಾಯಿ ಮುಕ್ಕಳಿಸಿ ಉಗುಳಿದೆ. "ಎಲ್ಲಾ ಹೊತ್ತಿಗಿ ಸರಿಯಾಗಿ ಆದ್ರೂ ಇಂಥ ಕೂಸು ಒಮ್ಮೊಮ್ಮೆ ಉಳಿಯಂಗಿಲ್ಲ ಅಂದ್ರು," ಎಂದೆ.

"ಹಂಗಂದ್ರಾ?"

"ಹೂಂ."

"ಮತ್ತೇನಂದ್ರು?"

"ಅಷ್ಟೇ."

ಅವ್ವ ಕಟ್ಟಿಗೆಯೊಂದನ್ನು ಮುರಿದಳು, ಒಲೆಗೆ ಹಾಕಲಿಲ್ಲ. "ಹಡಿಯಾಕಿಗಿ ಹೊಳಿ ಅಡ್ಡ ಇಲ್ಲ ಅನ್ನೋ ಮಾತು ಬಾಯಾರು ಮೊದಲಿಗೇ ಅಂದಿದ್ರ ನಾ ಆಗಲೇ ಏಳ್ತಿದ್ದೆ," ಎಂದಳು. ಆಮೇಲೆ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, "ಈಗ ನನಗ ಹೇಳಿದ್ದು ನಿನ್ನ ತಂಗಿಗೂ ಹೇಳಿ ಹೋಗು. ನನ್ನ ಸಲುವಾಗಿ ಅಲ್ಲ. ಆಕಿ ಒಳಗೊಳಗೇ ಕುದೀತಾಳ. ಕೂಸು ತನ್ನಿಂದ ಹೋತೋ ನನ್ನಿಂದ ಹೋತೋ ಅಂತ."

ಒಳಗೆ ಹೋಗಿ ತಂಗಿಗೆ ಹೇಳಿದೆ. ಎರಡನೇ ಸಲ ಹೇಳುವಾಗ ಮಾತು ಸಲೀಸಾಗಿ ಬಂತು. ಡಾಕ್ಟರ್ ಹೇಗೆ ನಿಂತಿದ್ದರು, ಮಾಸ್ಕನ್ನು ಗದ್ದಕ್ಕೆ ಹೇಗೆ ಇಳಿಸಿದ್ದರು, ಎಲ್ಲ ಸೇರಿತು. ಹೇಳುತ್ತ ಹೇಳುತ್ತ ನನಗೇ ಅದು ಕಾಣತೊಡಗಿತು.

ತಂಗಿ ಪೂರ್ತಿ ಕೇಳಿದಳು. "ಖರೇ ಹಂಗಂದ್ರಾ ಅಕ್ಕ?"

"ಖರೇ."

"ಹಂಗಿದ್ರ ಅವ್ವಂದೇನೂ ಇಲ್ಲ."

"ಇಲ್ಲ."

"ನಂದೂ ಇಲ್ಲ."

"ನಿಂದೇನದ ಹುಚ್ಚಿ, ನಿಂದೂ ಇಲ್ಲ."

ಅವಳಿಗೆ ಹಗುರಾಗಬಹುದು ಎಂದು ಕಾದೆ. ಅವಳು ಹೊರಸಿನ ಹಗ್ಗವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಂಗಾದ್ರ ಯಾರದೂ ಇಲ್ಲಲ್ಲ ಅಕ್ಕ," ಎಂದಳು. "ಸುಮ್ಮ ಹೋತು ಕೂಸು."

ಇಷ್ಟು ದಿನ ನಮ್ಮೆದುರು ಅಳದವಳು ಆಗ ಅತ್ತಳು. ದೊಡ್ಡ ದನಿ ತೆಗೆದು ಅತ್ತಳು. ಹಿತ್ತಲಿಂದ ಅವ್ವ ಓಡಿ ಬಂದಳು. ಕೈಗೆ ಬೂದಿ ಹತ್ತಿತ್ತು. ಬಾಗಿಲಿಗೆ ಬಂದವಳು ಒಳಗೆ ಬರಲಿಲ್ಲ, ತಂಗಿ ಅತ್ತು ಮುಗಿಸುವವರೆಗೆ ಹೊಸ್ತಿಲ ಆಚೆಯೇ ನಿಂತಿದ್ದಳು.